ಒಂದು ಮೊಗ್ಗಿಗೆ ಒಂದು ಸೆಕೆಂಡು

ಮಲ್ಲಿಗೆ ಕೊಯ್ಯುವವರ ಹತ್ತಿರ ‘ಸ್ವಲ್ಪ ನಿಧಾನ’ ಅಂದರೆ ನಗುತ್ತಾರೆ. ಬೆಳಗಿನ ತಂಪಿನಲ್ಲೇ ಕೊಯ್ದು, ಕಟ್ಟಿ, ಬಿಸಿಲೇರುವುದರೊಳಗೆ ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯ ಲೆಕ್ಕದಲ್ಲಿ 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಲ್ಲಿಗೆ ಅಟ್ಟೆಗೆ 3200 ಮೊಗ್ಗು. ಒಂದೊಂದನ್ನು ಒಂದೇ ಸೆಕೆಂಡು ನೋಡಿದರೂ 53 ನಿಮಿಷ ಬೇಕು. ದುಬಾರಿ ಅನ್ನಿಸಬಹುದು. ಆದರೆ ಕೈ ಹೇಗೂ ಪ್ರತಿ ಮೊಗ್ಗನ್ನೂ ಮುಟ್ಟಿಯೇ ಮುಟ್ಟುತ್ತದೆ, ಜೊತೆಗೆ ಕಣ್ಣೂ ಹೋಗಲಿ.

ಏನನ್ನು ನೋಡಬೇಕು? ಮೊದಲು ಗೊಂಚಲು. ಹೊಸ ಚಿಗುರಿನ ತುದಿಯಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗು ಇರುತ್ತವೆ. ನಡುವಿನದು ಮೊದಲು ಬಲಿಯುತ್ತದೆ, ಅಕ್ಕಪಕ್ಕದ ಎರಡು ಆಮೇಲೆ. ಅವಸರದ ಕೈ ಮೂರನ್ನೂ ಒಟ್ಟಿಗೆ ಕಿತ್ತುಬಿಡುತ್ತದೆ. ಎಳೆಯವು ಸಂಜೆ ಅರಳುವುದಿಲ್ಲ, ಹಾಗೇ ಬಾಡುತ್ತವೆ. ನಾಳಿನ ಕೊಯ್ಲೂ ಹೋಯಿತು, ಇಂದಿನ ಚೆಂಡೂ ಕೆಟ್ಟಿತು. ಬಲಿತ ಮೊಗ್ಗಿನ ಗುರುತು ಇಷ್ಟೇ: ತುದಿಯ ಹಸಿರು ಪೂರ್ತಿ ಹೋಗಿ ಹಾಲುಬಿಳುಪು ಬಂದಿರಬೇಕು, ಮೈ ತುಂಬಿರಬೇಕು, ಬಾಯಿ ಮುಚ್ಚಿರಬೇಕು. ಕೊಯ್ಯುವಾಗ ಉಗುರು ತೊಟ್ಟಿಗೆ ತಾಗಲಿ, ಮೊಗ್ಗಿನ ಮೈಗೆ ಬೇಡ. ಅಮುಕಿದಲ್ಲಿ ಮಧ್ಯಾಹ್ನದೊಳಗೆ ಕಂದು ಕಲೆ ಬೀಳುತ್ತದೆ.

ಹೊಸಬರು ಎಡವುವುದು ಬಣ್ಣದಲ್ಲಿ. ಬಿಳಿ ಮೊಗ್ಗಿನ ಮೇಲೆ ತೆಳು ನೇರಳೆ ಛಾಯೆ ಕಂಡರೆ ‘ಎಷ್ಟು ಚೆಂದ’ ಅನ್ನಿಸುತ್ತದೆ. ಅದು ಮೊಗ್ಗುನೊಣದ ಕೆಲಸ. ಒಳಗೆ ಮರಿಹುಳು ರಸ ಹೀರುತ್ತಿರುತ್ತದೆ, ಬುಡ ಊದಿಕೊಳ್ಳುತ್ತದೆ, ಮೊಗ್ಗು ಅರಳದೆ ಒಣಗುತ್ತದೆ. ಅಂಥದ್ದನ್ನು ಕಿತ್ತು ಗಿಡದ ಬುಡಕ್ಕೇ ಎಸೆಯುವುದು ದೊಡ್ಡ ತಪ್ಪು, ಏಕೆಂದರೆ ಈ ಹುಳು ಕೋಶಕಟ್ಟುವುದು ಮಣ್ಣಿನಲ್ಲೇ. ಬೇರೆ ಚೀಲಕ್ಕೆ ಹಾಕಿ ಸುಡಬೇಕು, ಬುಡದ ಮಣ್ಣನ್ನು ಆಗಾಗ ಕೆದಕಿ ಬಿಸಿಲಿಗೆ ಒಡ್ಡಬೇಕು. ಮೊಗ್ಗಿನಲ್ಲಿ ತೂತು, ಪಕ್ಕದ ಮೊಗ್ಗಿಗೆ ನೂಲೆಳೆಯಂಥ ಬಲೆ ಕಂಡರೆ ಅದು ಮೊಗ್ಗು ಕೊರೆಯುವ ಹುಳು, ಬೇರೆಯದೇ ಕೀಟ. ಶುರುವಿನಲ್ಲೇ ಕಣ್ಣಿಗೆ ಬಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಅದು ಬೆರೆಯುವಷ್ಟು ಸೋಪು ಹಾಕಿ ಸಿಂಪಡಿಸಬಹುದು. ಅದೂ ಕೊಯ್ಲು ಮುಗಿದ ಮೇಲೆ, ಬಿಸಿಲು ಇಳಿದಾಗ.

ಮಳೆ ಬಿದ್ದ ಬೆಳಿಗ್ಗೆ ಮೊಗ್ಗಿನ ನೀರು ಆರದೆ ಕಟ್ಟಬಾರದು. ತೆಳು ಹತ್ತಿಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ನೆರಳಲ್ಲಿ ಬಿಡಿ. ಬಾಳೆನಾರು ಮಾತ್ರ ಒದ್ದೆಯಾಗಿರಬೇಕು, ಒಣಗಿದ್ದು ತೊಟ್ಟನ್ನು ಕತ್ತರಿಸುತ್ತದೆ. ಎದುರುಬದುರು ಜೋಡಿ ಇಟ್ಟು ಸುತ್ತುವಾಗ ಬಿಗಿತ ಎಷ್ಟಿರಬೇಕೆಂದು ಮಾತಲ್ಲಿ ಹೇಳುವುದು ಕಷ್ಟ. ಕಟ್ಟಿದ ಮಾಲೆಯನ್ನು ತುದಿ ಹಿಡಿದು ಒಮ್ಮೆ ಕೊಡವಿ, ಒಂದು ಮೊಗ್ಗೂ ಉದುರದಿದ್ದರೆ ಸಾಕು. ಅದಕ್ಕಿಂತ ಬಿಗಿ ಬೇಡ. ಮೇಲೆ ಬಾಳೆ ಎಲೆ ಸುತ್ತಿ. ಪ್ಲಾಸ್ಟಿಕ್ಕಿನೊಳಗೆ ಹೂವು ಬೆವರಿ ಬೇಯುತ್ತದೆ.

ಕೆಲಸ ಕಲಿಸುವುದು ಬೆಳಿಗ್ಗೆಗಿಂತ ಹೆಚ್ಚಾಗಿ ಸಂಜೆಯೇ, ಮಾರಾಟಕ್ಕೆ ಸಂಬಂಧವೇ ಇಲ್ಲದ ಹೊತ್ತು. ಒಂದು ಗಿಡದಲ್ಲಿ ಹತ್ತು ಬಲಿತ ಮೊಗ್ಗು ಬಿಡಿ, ಅದೇ ದಿನದ ಕೊಯ್ಲಿನಿಂದ ಹತ್ತು ಎತ್ತಿಡಿ. ಕತ್ತಲಾಗುವಾಗ ಎರಡನ್ನೂ ನೋಡಿ. ಗಿಡದವು ಬಿರಿದು, ಎತ್ತಿಟ್ಟದ್ದರಲ್ಲಿ ಮೂರು ನಾಲ್ಕು ಮುಚ್ಚಿಕೊಂಡೇ ಇದ್ದರೆ ಕೊಯ್ಲು ಎಳೆಯದಾಗಿದೆ ಎಂದೇ ಲೆಕ್ಕ. ಪರಿಮಳ ಬಿಡುವುದೂ ಅರಳುವಾಗಲೇ, ಮೊಗ್ಗನ್ನು ಮೂಸಿ ಏನೂ ತಿಳಿಯದು.

ಗಿಡದಲ್ಲಿ ಬಿಟ್ಟವನ್ನು ಮರುದಿನವೂ ಹಾಗೇ ಇರಲು ಬಿಡಿ. ಅರಳಿ ಹಳತಾದ ಹೂವಿನ ಎಸಳೂ ನಸುಗೆಂಪಾಗುತ್ತದೆ. ಅದು ವಯಸ್ಸಿನ ಬಣ್ಣ. ಪಕ್ಕದಲ್ಲೇ ನೊಣ ತಾಗಿದ ಮೊಗ್ಗೊಂದನ್ನು ಹಿಡಿದು ನೋಡಿದರೆ ಎರಡು ಬಣ್ಣಗಳ ವ್ಯತ್ಯಾಸ ಕಣ್ಣಿಗೆ ಅಂಟುತ್ತದೆ.