ಜಿನ್ ಬಿಚ್ಚಿದ ದಿನ

ದಾವಣಗೆರೆಯ ಹಳೆ ಜಿನ್ನಿಂಗ್ ಶೆಡ್ಡಿನಲ್ಲಿ ಉಳಿದಿದ್ದ, ಹತ್ತಿಯಿಂದ ಬೀಜ ಬಿಡಿಸುವ ರೋಲರ್ ಜಿನ್ ಯಂತ್ರವೊಂದನ್ನು ನೋಡುಗರಿಗಾಗಿ ಸಜ್ಜು ಮಾಡುವ ಕೆಲಸ ಬೆಳಿಗ್ಗೆ ಎಂಟಕ್ಕೆ ಶುರುವಾಯಿತು. ಸಾಮಾನಿನ ಜೊತೆ ಹಸಿರು ಪೇಂಟಿನ ಡಬ್ಬವೂ ಬಂದಿತ್ತು. ಮೊದಲು ಅದನ್ನು ವಾಪಸ್ ಕಳಿಸಿದ್ದಾಯಿತು. ಪೇಂಟ್ ಬಿದ್ದರೆ ಎರಕದ ಮೇಲಿನ ಅಕ್ಷರ, ಎಣ್ಣೆ ಬಿಡುವ ತೂತು, ಕೈ ತಾಗಿ ಸವೆದ ಜಾಗ ಎಲ್ಲವೂ ಮುಚ್ಚಿಹೋಗುತ್ತವೆ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನ ದುಡಿಮೆ ಕಾಣುವುದೇ ಆ ಸವೆತದಲ್ಲಿ.

1840ರಲ್ಲಿ ಅಮೆರಿಕದ ಮೆಕಾರ್ಥಿ ಪೇಟೆಂಟ್ ಪಡೆದ ವಿಧಾನವೇ ಇದರದ್ದೂ. ಚರ್ಮ ಸುತ್ತಿದ ರೋಲರ್, ಅದಕ್ಕೆ ಒತ್ತಿ ನಿಂತ ಸ್ಥಿರ ಚಾಕು, ತಿರುಗುವ ಚಲನೆಯನ್ನು ಮೇಲೆ ಕೆಳಗಿನ ಆಟವಾಗಿಸುವ ಕ್ರ್ಯಾಂಕಿನಿಂದ ಆಡುವ ಇನ್ನೊಂದು ಚಾಕು. ಒರಟು ಚರ್ಮ ನಾರನ್ನು ಕಚ್ಚಿ ಸ್ಥಿರ ಚಾಕುವಿನ ಅಡಿಗೆ ಎಳೆಯುತ್ತದೆ. ಬೀಜ ಅಲ್ಲಿ ತೂರಲಾರದು, ಆಡುವ ಚಾಕು ಅದನ್ನು ತಟ್ಟಿ ಬೀಳಿಸುತ್ತದೆ. ಸ್ಥಿರ ಚಾಕುವನ್ನು ಅತಿಯಾಗಿ ಬಿಗಿದರೆ ಚರ್ಮ ಬಿಸಿಯಾಗಿ ಸುಡುತ್ತದೆ, ಸಡಿಲ ಬಿಟ್ಟರೆ ಒಡೆದ ಬೀಜದ ಚೂರು ಅರಳೆಗೆ, ಅಂದರೆ ಬೀಜ ಬಿಡಿಸಿದ ಹತ್ತಿಗೆ, ಸೇರುತ್ತದೆ. ಹಸಿ ಹತ್ತಿ ಹಾಕಿದರಂತೂ ರೋಲರಿಗೇ ಸುತ್ತಿಕೊಳ್ಳುತ್ತದೆ. ಸುಮಾರು 5 ಕ್ವಿಂಟಾಲ್ ಹತ್ತಿ ಹೀಗೆ ಹಾದುಹೋದರೆ ಒತ್ತಿ ಕಟ್ಟಿದ 170 ಕಿಲೋ ಅರಳೆಯ ಒಂದು ಬೇಲ್. ಉಳಿದದ್ದರಲ್ಲಿ ಹೆಚ್ಚಿನದು ಬೀಜವೇ.

ಬಿಚ್ಚುವ ಮುನ್ನ ಪ್ರತಿ ಬೋಲ್ಟಿಗೂ ಚೀಟಿ ಕಟ್ಟಿ ಫೋಟೋ ತೆಗೆಯಲಾಯಿತು. ಚಾಕುವಿನ ಕೆಳಗಿನ ತೆಳು ತಗಡುಗಳ ಲೆಕ್ಕ ತಪ್ಪಿದರೆ ಅಂತರ ಮತ್ತೆ ಸಿಗುವುದು ಕಷ್ಟ. ಅಚ್ಚು ತಿರುಗುವ ಬಳೆಗಳಾದ ಬುಷ್‌ಗಳಲ್ಲಿ ಗ್ರೀಸ್ ಅರಗಿನಂತೆ ಗಟ್ಟಿಯಾಗಿತ್ತು. ಸುತ್ತಿಗೆ ಎತ್ತದೆ ಸೀಮೆಎಣ್ಣೆ ಬಿಟ್ಟು ಎರಡು ತಾಸು ಕಾಯಬೇಕಾಯಿತು. ತುಕ್ಕಿಗೆ ಹಿತ್ತಾಳೆ ಬ್ರಷ್ ಸಾಕು. ಎಮರಿ ಕಾಗದ ಉಜ್ಜಿದರೆ ಚಾಕುವಿನ ಅಂಚೇ ಹೋಗುತ್ತದೆ. ಒರೆಸಿ ಒಣಗಿಸಿದ ಕಬ್ಬಿಣಕ್ಕೆ ತೆಳ್ಳಗೆ ಮೇಣ ಸವರಿದೆವು, ಏಕೆಂದರೆ ಎಣ್ಣೆ ಧೂಳನ್ನು ಹಿಡಿದು ಕೂರಿಸುತ್ತದೆ. ರೋಲರಿನ ಚರ್ಮ ಕ್ರೋಮ್‌ನಲ್ಲಿ ಹದ ಮಾಡಿದ್ದು, ಅದರ ಪುಡಿ ಮೈಗೆ ಒಳ್ಳೆಯದಲ್ಲ. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಇಲ್ಲದೆ ಯಾರಿಗೂ ಅದನ್ನು ಮುಟ್ಟಗೊಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಿಜವಾದ ತೊಂದರೆ ಗೋಡೆಯಲ್ಲಿ ಕಂಡಿತು. ಗಾರೆ ಗೋಡೆಗೆ ಯಾವಾಗಲೋ ಸಿಮೆಂಟ್ ಮೆತ್ತಿದ್ದಾರೆ. ಒಳಗಿನ ತೇವ ಹೊರಬರಲಾಗದೆ ಬುಡದಲ್ಲೇ ನಿಂತಿದೆ, ಯಂತ್ರದ ಗೋಡೆ ಕಡೆಯ ಕಾಲು ಮಾತ್ರ ಪದರ ಪದರವಾಗಿ ಉದುರುತ್ತಿದೆ. ಸಿಮೆಂಟ್ ಕಿತ್ತು ಸುಣ್ಣದ ಗಾರೆ ಮಾಡಿಸಿ, ಒಡೆದ ಹೆಂಚು ಬದಲಿಸುವ ತನಕ ಮೇಣದ ಕೆಲಸ ಅರ್ಧ ಮಾತ್ರ. ಸದ್ಯಕ್ಕೆ ಜಿನ್ನನ್ನು ಗೋಡೆಯಿಂದ ಎರಡು ಅಡಿ ಈಚೆಗೆ ಸರಿಸಿ, ಕೆಳಗೆ ಮರದ ತುಂಡು ಕೊಟ್ಟಿದ್ದೇವೆ.

ಸಂಜೆ ಚಕ್ರ ಕೈಯಲ್ಲೇ ತಿರುಗಿತು. ಒಂದು ಹಿಡಿ ಹತ್ತಿ ಇಟ್ಟಾಗ ಅರಳೆ ಆಚೆ ಬಂತು, ಬೀಜ ಕೆಳಗೆ ಬಿತ್ತು. ಬೀಜದ ಮೇಲೆ ಇನ್ನೂ ನಾರು ಅಂಟಿತ್ತು. ಆಡುವ ಚಾಕು ಬೇಕಾದಷ್ಟು ಮೇಲೆ ಬರುತ್ತಿಲ್ಲ. ನಾಳೆ ಕ್ರ್ಯಾಂಕಿನ ಕಡ್ಡಿ ಬಿಚ್ಚಿ ನೋಡಬೇಕು.