ಖಾಲಿ ಗೋಡೆ ಇಲ್ಲದ ಮನೆಯಲ್ಲೊಂದು ಡಿಸೈನ್ ವಾಲ್

ಕ್ವಿಲ್ಟ್, ಅಂದರೆ ಬಟ್ಟೆ ತುಂಡುಗಳ ಕೌದಿ, ಹೊಲಿಯುವವರಿಗೆ ಡಿಸೈನ್ ವಾಲ್ (ಹೊಲಿಯೋ ಮೊದಲು ತುಂಡುಗಳನ್ನ ಅಂಟಿಸಿ ವಿನ್ಯಾಸ ನೋಡುವ ಗೋಡೆ) ಬೇಕು ಅನ್ನಿಸಿದರೆ ಮೊದಲು ಹುಡುಕುವುದು ಖಾಲಿ ಗೋಡೆಯನ್ನ. ನಮ್ಮ ಮನೆಯಲ್ಲಿ ಅದಿಲ್ಲ. ಒಂದು ಗೋಡೆಗೆ ಕಿಟಕಿ, ಒಂದಕ್ಕೆ ಬೀರು, ಇನ್ನೊಂದಕ್ಕೆ ಪುಸ್ತಕದ ಶೆಲ್ಫು, ಉಳಿದಿದ್ದಕ್ಕೆ ಮಂಚ ಅಂಟಿಕೊಂಡಿದೆ. ಹೊಲಿಗೆ ಮಷಿನ್ನೇ ಹೇಗೋ ನಡುವೆ ತೂರಿಕೊಂಡು ಕೂತಿದೆ.

ಮೊದಲೆಲ್ಲ ತುಂಡುಗಳನ್ನ ಮಂಚದ ಮೇಲೆ ಹರಡಿ ನೋಡುತ್ತಿದ್ದೆ. ರಾತ್ರಿ ಎತ್ತಿಡು, ಬೆಳಿಗ್ಗೆ ಮತ್ತೆ ಹರಡು. ಅದನ್ನಾದರೂ ಸಹಿಸಬಹುದು. ಆದರೆ ಮಂಚದ ಪಕ್ಕ ನಿಂತು ಬಗ್ಗಿ ನೋಡಿದರೆ ಹತ್ತಿರದ ಸಾಲು ದೊಡ್ಡದಾಗಿ ಕಾಣುತ್ತೆ, ಆಚೆ ತುದಿಯದು ಚಿಕ್ಕದಾಗಿ, ಓರೆಯಾಗಿ. ಯಾವ ಬಣ್ಣ ಎಲ್ಲಿ ಗುಂಪು ಕಟ್ಟಿಕೊಂಡಿದೆ ಅನ್ನೋದು ಹೊಲಿದು ಮುಗಿಸಿದ ಮೇಲೇ ಗೊತ್ತಾಗೋದು. ಆಮೇಲೆ ಬಿಚ್ಚೋರ್ಯಾರು?

ಹಾಗಾಗಿ ಒಂದು ಭಾನುವಾರ ಅಳತೆ ಟೇಪು ಹಿಡಿದು ಮೊದಲು ಅಳೆದದ್ದು ದೂರವನ್ನ. ಡಿಸೈನ್ ವಾಲ್‌ನಿಂದ ನಿಜವಾದ ಉಪಯೋಗ ಇರೋದು ಹಿಂದೆ ಸರಿದು ನೋಡುವುದರಲ್ಲಿ. ನಾಲ್ಕಡಿ ದೂರದಿಂದ ನೋಡೋದಾದರೆ ಎಷ್ಟು ದೊಡ್ಡ ಗೋಡೆ ಇದ್ದೂ ಏನು ಪ್ರಯೋಜನ? ಪ್ರತಿ ಬಾಗಿಲಲ್ಲೂ ನಿಂತು ಅತ್ತಿತ್ತ ನೋಡಿದೆ. ಅಡುಗೆಮನೆ ಬಾಗಿಲಲ್ಲಿ ನಿಂತರೆ ಹಾಲ್ ದಾಟಿ, ರೂಮಿನ ಬಾಗಿಲ ಮೂಲಕ ಬೀರುವಿನ ತನಕ ನೇರವಾಗಿ ಕಣ್ಣು ಹಾಯುತ್ತದೆ. ಹದಿನಾರು ಅಡಿ! ಬೀರುವಿನ ಬಾಗಿಲೇ ನನ್ನ ಗೋಡೆ ಅಂತ ಅಲ್ಲೇ ತೀರ್ಮಾನ ಆಯಿತು. "ಮತ್ತೆ ನನ್ನ ಶರ್ಟ್ ತೆಗೀಬೇಕಂದ್ರೆ?" ಅಂದರು ನಮ್ಮವರು. ಅದಕ್ಕೇ ಮೊಳೆ ಹೊಡೆಯದೆ, ಎತ್ತಿ ತೆಗೆಯುವ ಹಾಗೆ ಮಾಡಬೇಕಾಯಿತು.

ತುಂಡುಗಳು ಪಿನ್ ಇಲ್ಲದೆ ಅಂಟಿ ನಿಲ್ಲೋಕೆ ಹಲಗೆಗೆ ಯಾವ ಬಟ್ಟೆ ಹೊದಿಸಬೇಕು ಅನ್ನೋದನ್ನ ಮಾತ್ರ ಆತುರ ಮಾಡದೆ ನೋಡಿದೆ. ಫ್ಲಾನೆಲ್, ಫೆಲ್ಟ್, ಕ್ವಿಲ್ಟಿನ ಒಳಗೆ ಹಾಕುವ ಹತ್ತಿ ಬ್ಯಾಟಿಂಗ್, ಮೂರರದ್ದೂ ಚೂರು ಮನೆಯಲ್ಲಿತ್ತು. ಒಂದೊಂದನ್ನೂ ರಟ್ಟಿಗೆ ಕ್ಲಿಪ್ ಹಾಕಿ ನಿಲ್ಲಿಸಿ, ಮೇಲೆ ಹತ್ತಿ ಬಟ್ಟೆಯ ಚೌಕ ಒತ್ತಿ, ರಟ್ಟು ಅಲ್ಲಾಡಿಸಿ, ಆಮೇಲೆ ಫ್ಯಾನ್ ಹಾಕಿ ನೋಡಿದೆ. ಬ್ಯಾಟಿಂಗ್ ಗಟ್ಟಿಯಾಗಿ ಹಿಡಿಯುತ್ತೆ, ಆದರೆ ಕಿತ್ತಾಗ ಕಪ್ಪು ಬಟ್ಟೆಗೆಲ್ಲ ಬಿಳಿ ನಾರು. ಫೆಲ್ಟ್ ಸಣ್ಣ ತುಂಡಿಗೆ ಸರಿ, ತುಂಡುಗಳನ್ನ ಜೋಡಿಸಿ ಹೊಲಿದ ಬ್ಲಾಕ್ ಇಟ್ಟರೆ ಮೆಲ್ಲಗೆ ಜಾರುತ್ತೆ. ಫ್ಲಾನೆಲ್‌ನ ಮೈಮೇಲೆ ಎದ್ದಿರುವ ಸಣ್ಣ ಸಣ್ಣ ಎಳೆಗಳು ಹತ್ತಿ ಬಟ್ಟೆಯ ಎಳೆಗಳಿಗೆ ಸಿಕ್ಕಿಕೊಳ್ಳುತ್ತವೆ, ಅಷ್ಟೇ ಅದರ ಗುಟ್ಟು. ಸ್ಯಾಟಿನ್, ರೇಷ್ಮೆ ನುಣುಪಾಗಿರೋದರಿಂದ ಅದರ ಮೇಲೆ ನಿಲ್ಲಲ್ಲ, ಪಿನ್ ಬೇಕೇ ಬೇಕು. ಕೊನೆಗೆ ಒಳಗೆ ಬ್ಯಾಟಿಂಗ್, ಹೊರಗೆ ತಿಳಿ ಬೂದು ಫ್ಲಾನೆಲ್ ಅಂತಾಯಿತು. ಬಿಳಿ ಫ್ಲಾನೆಲ್ ಆದರೆ ಬಿಳಿ ತುಂಡುಗಳು ಅದರಲ್ಲೇ ಕರಗಿಹೋಗುತ್ತವೆ.

ಹಲಗೆಗೆ ಒಂದಿಂಚು ದಪ್ಪದ ಥರ್ಮಾಕೋಲ್. ತಲಾ ಎರಡಡಿ ಅಗಲ, ಆರಡಿ ಉದ್ದದ ಎರಡು ಹಲಗೆ, ಬಗ್ಗದಿರಲಿ ಅಂತ ಹಿಂದೆ ತೆಳ್ಳನೆ ಮರದ ಪಟ್ಟಿ. ಕಟರ್‌ಗೆ ಹೊಸ ಬ್ಲೇಡ್ ಹಾಕಿ ಕೊಯ್ದರೂ ಬಿಳಿ ಕಾಳುಗಳು ಉದುರಿ ಕೈಗೆ, ಕೂದಲಿಗೆ, ಪರದೆಗೆ ಅಂಟಿಕೊಂಡವು, ಕೊಡವಿದಷ್ಟೂ ಜಾಸ್ತಿ! ಪಟ್ಟಿ ಅಂಟಿಸಲು ಬಿಳಿ ಗೋಂದು ಬಳಸಿದೆ. ಘಾಟು ವಾಸನೆಯ ರಬ್ಬರ್ ಅಂಟು ಥರ್ಮಾಕೋಲನ್ನೇ ತಿಂದುಹಾಕುತ್ತೆ, ಅದನ್ನ ಹತ್ತಿರ ತರಬೇಡಿ. ಫ್ಲಾನೆಲ್ ಅನ್ನು ಸುತ್ತ ಮೂರಿಂಚು ಜಾಸ್ತಿ ಬಿಟ್ಟು ಕತ್ತರಿಸಿ, ಹಿಂದಕ್ಕೆ ಮಡಚಿ, ಅಗಲ ಟೇಪಿನಿಂದ ಬಿಗಿದೆ. ಥರ್ಮಾಕೋಲಿನಲ್ಲಿ ಸ್ಟೇಪ್ಲರ್ ಪಿನ್ ಕಚ್ಚಿ ನಿಲ್ಲಲ್ಲ. ಎರಡೂ ಹಲಗೆಯನ್ನು ಬಟ್ಟೆಯ ಪಟ್ಟಿ ಹಾಕಿ ಜೋಡಿಸಿದ್ದರಿಂದ ಪುಸ್ತಕದ ಹಾಗೆ ಮಡಚಬಹುದು. ಮೇಲೆ ಕುಣಿಕೆ, ಬೀರುವಿನ ಬಾಗಿಲಿಗೆ ಸಿಕ್ಕಿಸುವ ಕೊಕ್ಕೆ. ಇಷ್ಟೆಲ್ಲ ಬೇಡ ಅನ್ನುವವರು ಒಳಮೈಯಲ್ಲಿ ಫ್ಲಾನೆಲ್ ಇರುವ ಪ್ಲಾಸ್ಟಿಕ್ ಟೇಬಲ್ ಹೊದಿಕೆಯನ್ನ ತಿರುಗಿಸಿ ನೇತುಹಾಕಿದರೂ ಆಯಿತು, ಸುರುಳಿ ಸುತ್ತಿ ಮೂಲೆಗಿಡಬಹುದು. ಪಿನ್ ಚುಚ್ಚಲು ಆಗಲ್ಲ, ಅದೊಂದೇ.

ಈಗ ಲೆಕ್ಕದ ತಕರಾರು. ನಾಲ್ಕಡಿ ಅಗಲ ಅಂದರೆ 48 ಇಂಚು. ಹೊಲಿದ ಮೇಲೆ ಮೂರಿಂಚಾಗುವ ಚೌಕ 16 ಹಿಡಿಯಬೇಕು ಅಲ್ವಾ? ಹಿಡಿಯಲ್ಲ. ಎರಡೂ ಬದಿಗೆ ಕಾಲಿಂಚು ಹೊಲಿಗೆ ಅಂಚು ಸೇರಿ ಕತ್ತರಿಸಿದ ಚೌಕ ಮೂರೂವರೆ ಇಂಚು, 16ಕ್ಕೆ 56 ಇಂಚಾಯಿತು. ಹೊಲಿಯದ ಕ್ವಿಲ್ಟ್ ಯಾವಾಗಲೂ ಹೊಲಿದದ್ದಕ್ಕಿಂತ ಜಾಸ್ತಿ ಜಾಗ ಕೇಳುತ್ತೆ. ಒಂದರ ಮೇಲೊಂದು ಅರ್ಧ ಇಂಚು ಏರಿಸಿ ಅಂಟಿಸಿದೆ. ಹೊಲಿದ ಮೇಲೆ ಕಾಣುವಷ್ಟೇ ಬಣ್ಣ ಕಾಣುತ್ತೆ, ಜಾಗವೂ ಸರಿಹೋಗುತ್ತೆ. ಎಡ ಬಲ, ಮೇಲೆ ಕೆಳಗೆ ಒಂದೇ ಥರ ಇರುವ ವಿನ್ಯಾಸವಾದರೆ ಇನ್ನೂ ಸುಲಭ. ಕಾಲು ಭಾಗ ಮಾತ್ರ ಜೋಡಿಸಿ, ಮೂಲೆಯಲ್ಲಿ ಎರಡು ಕನ್ನಡಿಗಳನ್ನು ಒಂದಕ್ಕೊಂದು ಲಂಬವಾಗಿ ಹಿಡಿದರೆ ಇಡೀ ಕೌದಿ ಕಣ್ಣಿಗೆ ಬೀಳುತ್ತೆ.

ಸಂಜೆ ಮೊದಲ ಸಲ ತುಂಡುಗಳನ್ನೆಲ್ಲ ಅಂಟಿಸಿ ಅಡುಗೆಮನೆ ಬಾಗಿಲಿಗೆ ಬಂದು ನಿಂತೆ. ಹತ್ತಿರದಿಂದ ಚೆಂದ ಅನ್ನಿಸಿದ್ದ ಕೆಂಪು, ಹಸಿರು ಎರಡೂ ದೂರಕ್ಕೆ ಒಂದೇ ಮುದ್ದೆ. ಫೋನಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿದೆ. ಎರಡೂ ಒಂದೇ ಬೂದು! ಬಣ್ಣ ಬೇರೆಯಾದರೂ ಅವುಗಳ ಗಾಢತೆ ಒಂದೇ, ಅದಕ್ಕೇ ಆಕಾರ ಎದ್ದು ಕಾಣುತ್ತಿರಲಿಲ್ಲ. ಹಸಿರನ್ನು ತೆಗೆದು ತಿಳಿ ಹಳದಿ ಇಟ್ಟ ಕೂಡಲೇ ವಿನ್ಯಾಸದಲ್ಲಿದ್ದ ನಕ್ಷತ್ರದ ಮೊನೆಗಳೆಲ್ಲ ಎದ್ದು ಬಂದವು. ಮಂಚದ ಮೇಲೆ ಹರಡಿಕೊಂಡು ಕೂತಿದ್ದರೆ ಇದು ಖಂಡಿತ ಹೊಳೆಯುತ್ತಿರಲಿಲ್ಲ.

ರಾತ್ರಿ ಮಡಚುವಾಗ ನಡುವೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಇಡಬೇಕು. ಇಲ್ಲದಿದ್ದರೆ ಈ ಕಡೆಯ ತುಂಡು ಆ ಕಡೆಯ ಫ್ಲಾನೆಲ್‌ಗೆ ಅಂಟಿಕೊಂಡು ಜಾಗ ಬದಲಾಗುತ್ತೆ. ಹಾಳೆ ಇಟ್ಟು ಮಡಚಿ ಮಂಚದ ಕೆಳಗೆ ತಳ್ಳಿದರೆ ಮುಗಿಯಿತು, ಬೆಳಿಗ್ಗೆ ಬಿಚ್ಚಿದಾಗ ಹೆಚ್ಚು ಕಮ್ಮಿ ಎಲ್ಲ ಇದ್ದಲ್ಲೇ ಇರುತ್ತೆ. ದಾರದ ಎಳೆಗಳು ಮಾತ್ರ ಫ್ಲಾನೆಲ್ ತುಂಬ ಸೇರಿಕೊಳ್ಳುತ್ತವೆ, ಟೇಪ್ ಒತ್ತಿ ಎತ್ತಿದರೆ ಹೋಗುತ್ತವೆ.

ಸದ್ಯ ಕೆಳಗಿನ ಎರಡು ಸಾಲು ಇನ್ನೂ ತೀರ್ಮಾನ ಆಗಿಲ್ಲ. ಹಳದಿ ಜಾಸ್ತಿಯಾಯಿತು ಅಂತ ನಾನು. "ಅಮ್ಮಾ, ಇನ್ನೂ ಬೇಕು" ಅಂತ ಮಗಳು. ನಾನು ಆಚೆ ಹೋದಾಗ ತುಂಡು ಬದಲಿಸುತ್ತಾಳೆ, ಬಂದು ನೋಡಿ ನಾನು ಮತ್ತೆ ಬದಲಿಸುತ್ತೇನೆ.