ನನ್ನ ಹೆಸರು ತೆಂಡೂಲ್ಕರ್ ಅವರಿಂದ ಬಂದದ್ದಲ್ಲ

ಸಚಿನ್ ಎಂದು ಹೆಸರು ಹೇಳಿದ ಕೂಡಲೇ ಎದುರಿನವರ ಮುಖ ಅರಳುತ್ತದೆ, ಪ್ರಶ್ನೆ ಬರುತ್ತದೆ: "ನಿಮ್ಮ ತಂದೆಯವರು ತೆಂಡೂಲ್ಕರ್ ಅಭಿಮಾನಿಯೇ?" ಇಷ್ಟು ವರ್ಷ ನಗುತ್ತಲೇ "ಇಲ್ಲ" ಎಂದಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನು ಕಳುಹಿಸುತ್ತೇನೆ. ನಗುವ ಕೆಲಸವನ್ನೂ ಅವರೇ ಮಾಡಿಕೊಳ್ಳಲಿ.

ನಾನು ಹುಟ್ಟಿದ್ದು 1984ರ ಶ್ರಾವಣದಲ್ಲಿ. ತೆಂಡೂಲ್ಕರ್ ಕರಾಚಿಯಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದ್ದು 1989ರ ನವೆಂಬರ್‌ನಲ್ಲಿ. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಅವರು ಮುಂಬಯಿಯ 11 ವರ್ಷದ ಹುಡುಗ. ಆ ಹುಡುಗನ ಭವಿಷ್ಯವನ್ನು ಧಾರವಾಡದಲ್ಲಿ ಕುಳಿತೇ ಕಂಡು ಮಗನಿಗೆ ಹೆಸರಿಡುವಷ್ಟು ದಿವ್ಯದೃಷ್ಟಿ ನಮ್ಮ ತಂದೆಗೆ ಇದ್ದಿದ್ದರೆ, ಅವರು ಮೊದಲು ಹುಬ್ಬಳ್ಳಿ ಬೈಪಾಸ್ ಪಕ್ಕದಲ್ಲಿ ಎರಡು ಎಕರೆ ಜಮೀನು ಕೊಳ್ಳುತ್ತಿದ್ದರು.

ಈ ಲೆಕ್ಕವನ್ನು ತಾವಾಗಿಯೇ ಮಾಡಿದವರು ಒಬ್ಬರೇ, ಮತ್ತು ಅವರು ಮಾಡಿದ್ದು ನನ್ನನ್ನು ಸಿಕ್ಕಿಹಾಕಿಸಲು. ಹೆಣ್ಣು ನೋಡಲು ಹೋಗಿದ್ದ ಮನೆಯಲ್ಲಿ, ಅವಲಕ್ಕಿಯ ತಟ್ಟೆ ಇನ್ನೂ ಕೈಯಲ್ಲಿರುವಾಗಲೇ, ಹುಡುಗಿಯ ಸೋದರಮಾವ ನನ್ನ ಜಾತಕದ ಹಾಳೆಯನ್ನು ಬೆಳಕಿಗೆ ಹಿಡಿದು ಕೇಳಿದರು: "ಎಂಬತ್ನಾಲ್ಕರಾಗ ಹುಟ್ಟಿದವಗ ಸಚಿನ್ ಅಂತ ಹೆಂಗ ಇಟ್ರಿ? ಹೆಸರು ಬದ್ಲಿ ಮಾಡಿಸೀರೋ, ಇಸವಿ ಬದ್ಲಿ ಮಾಡೀರೋ?" ತಂದೆಯವರಿಗೆ ಮಾತು ಹೊರಡಲಿಲ್ಲ. ಅವ್ವ ಮಾತ್ರ ಸೆರಗು ಸರಿಪಡಿಸಿಕೊಂಡು, "ಹಾಡು ಕೇಳಿ ಇಟ್ಟ ಹೆಸರ್ರೀ ಅದು, ಆಟ ನೋಡಿ ಇಟ್ಟಿದ್ದಲ್ಲ" ಎಂದಳು. ಆ ಸಂಬಂಧ ಕೂಡಿಬರಲಿಲ್ಲ. ಗುಣ ಕೂಡಲಿಲ್ಲವೆಂದು ಹೇಳಿ ಕಳುಹಿಸಿದರು.

ಹಾಡಿನವರು ಎಂದರೆ ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್. 1906ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಕೊಮಿಲ್ಲಾದಲ್ಲಿ ಹುಟ್ಟಿದವರು, ತ್ರಿಪುರಾದ ರಾಜಮನೆತನದವರು. ಮರಾಠಿ ಕವಿ ರಮೇಶ್ ತೆಂಡೂಲ್ಕರ್, ಬರ್ಮನ್ ಅವರ ಸಂಗೀತಕ್ಕೆ ಮಾರುಹೋಗಿ 1973ರಲ್ಲಿ ಹುಟ್ಟಿದ ತಮ್ಮ ಮಗನಿಗೆ ಇದೇ ಹೆಸರನ್ನಿಟ್ಟರು. ಆದ್ದರಿಂದ ಹೆಸರಿನ ವಿಷಯದಲ್ಲಿ ತೆಂಡೂಲ್ಕರ್ ನನಗೆ ಸಾಲ ಕೊಟ್ಟವರಲ್ಲ, ನನ್ನಂತೆಯೇ ಸಾಲ ಪಡೆದವರು. ಬರ್ಮನ್ ಅವರ ಹೆಸರಿನ ಹಿಂದೆ ಇರುವುದು ಶಚಿಯ ಪತಿಯಾದ ಶಚೀಂದ್ರ, ಅಂದರೆ ಇಂದ್ರ. ಬಂಗಾಳಿಗಳು ಅದನ್ನು ಮೊಟಕುಗೊಳಿಸಿ ಇಂದಿಗೂ ಶಕಾರದಲ್ಲೇ ಕರೆಯುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದನ್ನು ಉಳಿದ ನಾವೆಲ್ಲ ಸಕಾರವಾಗಿ ಓದಿಕೊಂಡೆವು. ಬಾಲ ಕತ್ತರಿಸಿದ ಹೆಸರೆಂದು ನಮ್ಮ ಅಜ್ಜ ಕೊನೆಯವರೆಗೂ ಗೊಣಗುತ್ತಿದ್ದರು, ಪತ್ರ ಬರೆದಾಗಲೆಲ್ಲ 'ಚಿ. ಶಚೀಂದ್ರನಿಗೆ' ಎಂದೇ ಬರೆಯುತ್ತಿದ್ದರು.

ನನ್ನ ಓರಗೆಯವರಲ್ಲಿ ಈ ಹೆಸರು ಅಪರೂಪವಾಗಿತ್ತು. 1998ರ ಏಪ್ರಿಲ್‌ನಲ್ಲಿ ಶಾರ್ಜಾದಲ್ಲಿ ಆಸ್ಟ್ರೇಲಿಯದ ವಿರುದ್ಧ ತೆಂಡೂಲ್ಕರ್ ಒಂದೇ ವಾರದಲ್ಲಿ ಎರಡು ಶತಕ ಹೊಡೆಯುವ ಹೊತ್ತಿಗೆ ನಮ್ಮ ಓಣಿಯ ತೊಟ್ಟಿಲುಗಳಲ್ಲೂ ಸಚಿನ್‌ರು ಮಲಗಿದ್ದರು. ಅವರನ್ನು ನಾನು ದೂರುವುದಿಲ್ಲ. ಆದರೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಾವಿರಾರು ಜನ ಒಂದೇ ರಾಗದಲ್ಲಿ ನಿಮ್ಮ ಹೆಸರನ್ನು ಕೂಗುತ್ತಿರುವಾಗ, ಹಿಂದಿನ ಸಾಲಿನವನು ನಿಮ್ಮ ಬೆನ್ನು ತಟ್ಟಿ "ಸ್ವಲ್ಪ ಪಕ್ಕಕ್ಕೆ ಸರೀರಿ" ಎಂದರೆ ಹೇಗಿರುತ್ತದೆ ಎಂಬುದು ನನಗೆ ಗೊತ್ತು.

ನನಗೆ ಬೇಸರ ತರಿಸುವುದು ತೆಂಡೂಲ್ಕರ್ ಅಲ್ಲ, ಪ್ರಶ್ನೆಯಲ್ಲಿರುವ 'ತಂದೆ'. ಈ ಹೆಸರನ್ನು ಆರಿಸಿದವರು ಯಾರು ಎಂದು ಯಾರಾದರೂ ಕೇಳಬಾರದೇ? ಆರಿಸಿದವಳು ಅವ್ವ. ಅಡುಗೆಮನೆಯ ಗೂಡಿನಲ್ಲಿದ್ದ ರೇಡಿಯೊದಲ್ಲಿ ವಿವಿಧಭಾರತಿ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದವಳು. ಬರ್ಮನ್ ಇತರರಿಂದ ಹಾಡಿಸಿದ್ದಕ್ಕಿಂತ, ತಮ್ಮ ನಾಡಿನ ಅಂಬಿಗರ ಧಾಟಿಯಲ್ಲಿ ತಾವೇ ಹಾಡಿದ ಕೆಲವು ಹಾಡುಗಳು ಅವಳಿಗೆ ಹೆಚ್ಚು ಪ್ರಿಯ. ಹಿಂದಿ ಅವಳಿಗೆ ಅಷ್ಟಕ್ಕಷ್ಟೆ. ತಂದೆಯವರು ಮನೆದೇವರ ಹೆಸರು ವೀರಭದ್ರ ಎಂದು ಪಟ್ಟು ಹಿಡಿದಿದ್ದರಂತೆ. ಅವರು ಗೆದ್ದಿದ್ದರೆ ಇಂದು ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ನ್ಯೂಜಿಲೆಂಡಿನ ರಚಿನ್ ರವೀಂದ್ರ ಅವರಿಗೂ ಇದೇ ಗತಿ. ಬೆಂಗಳೂರು ಮೂಲದ ದಂಪತಿಗೆ 1999ರಲ್ಲಿ ವೆಲಿಂಗ್ಟನ್‌ನಲ್ಲಿ ಹುಟ್ಟಿದ ಈ ಹುಡುಗ 2023ರ ವಿಶ್ವಕಪ್‌ನಲ್ಲಿ ಚಿನ್ನಸ್ವಾಮಿಯಲ್ಲೇ ಪಾಕಿಸ್ತಾನದ ವಿರುದ್ಧ ಶತಕ ಬಾರಿಸಿದಾಗ, ರಾಹುಲ್ ದ್ರಾವಿಡ್ ಹೆಸರಿನ 'ರ' ಮತ್ತು ಸಚಿನ್‌ನ 'ಚಿನ್' ಸೇರಿಸಿ ತಂದೆ ಇಟ್ಟ ಹೆಸರೆಂಬ ಕಥೆ ಮನೆಮನೆ ತಲುಪಿತ್ತು. ಅವರ ತಂದೆ ಬಳಿಕ ಸ್ಪಷ್ಟಪಡಿಸಿದರು: ಹೆಸರನ್ನು ಸೂಚಿಸಿದ್ದು ಹೆಂಡತಿ, ಕೇಳಲು ಚೆನ್ನಾಗಿದೆ, ಚಿಕ್ಕದಾಗಿದೆ ಎಂದು ಒಪ್ಪಿದ್ದು, ಆ ಇಬ್ಬರ ಹೆಸರು ಅದರಲ್ಲಿ ಕೂಡಿದೆ ಎಂಬುದು ಹೊಳೆದದ್ದೇ ಕೆಲವು ವರ್ಷಗಳ ನಂತರ. ಆದರೂ ನನಗೆ ಆ ಹಳೆಯ ಕಥೆಯನ್ನು ಹೇಳುವವರು ಕಡಿಮೆಯಾಗಿಲ್ಲ. ತಿದ್ದಿದರೆ, "ಇರಲಿ ಬಿಡಿ, ಅವರಪ್ಪ ಕ್ರಿಕೆಟ್ ಅಭಿಮಾನಿಯಂತೂ ಹೌದಲ್ಲ" ಎನ್ನುತ್ತಾರೆ.

ನನಗೆ ಕ್ರಿಕೆಟ್ ಆಡಲು ಬರುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಬರುವುದಿಲ್ಲ.